ಕೈಕೊಡದ ಬೈಕ್ ಕೊಟ್ಟು ಹಳೆಯ ಕಸ್ಟಮ್ ಬೈಕ್ ತೆಗೆದುಕೊಳ್ಳುವ ಮುಂಚೆ

ನಿಮ್ಮ ಹತ್ತಿರ ಒಂದು ಒಳ್ಳೆ ಬೈಕ್ ಇದೆ. ಬಟನ್ ಒತ್ತಿದರೆ ಸ್ಟಾರ್ಟ್ ಆಗುತ್ತದೆ, ಮಳೆಯಲ್ಲೂ ಓಡುತ್ತದೆ, ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸಿದರೆ ಬೇರೇನೂ ಕೇಳುವುದಿಲ್ಲ. ಈಗ ಯಾರೋ ಒಬ್ಬರು 1970ರ ದಶಕದ ಗಾಡಿಯೊಂದನ್ನು ಕೆಫೆ ರೇಸರ್ ಮಾಡಿ, ಅಂದರೆ ಹಳೆಯ ರೇಸ್ ಬೈಕಿನ ಹಾಗೆ ಬಗ್ಗಿ ಕೂತು ಓಡಿಸುವ ರೂಪಕ್ಕೆ ಬದಲಾಯಿಸಿ, ಇಟ್ಟಿದ್ದಾರೆ, ನಿಮ್ಮದನ್ನು ಕೊಟ್ಟು ಇದನ್ನು ತೆಗೆದುಕೊಳ್ಳಿ ಅಂತ ಕೇಳಿದ್ದಾರೆ. ಫೋಟೋ ನೋಡಿದಾಗಿನಿಂದ ಮನಸ್ಸು ಅಲ್ಲೇ ಇದೆ, ಅಲ್ವಾ? ಹಳೆಯ ಗಾಡಿ ಅಂದರೆ ನನಗೂ ಪ್ರಾಣ. ಅದಕ್ಕೇ ಈ ವಿಷಯದಲ್ಲಿ ಯಾರೂ ಆತುರ ಮಾಡಬಾರದು ಅನ್ನುತ್ತೇನೆ. ಕೆಟ್ಟ ಗಾಡಿ ತಲೆಗೆ ಕಟ್ಟಿಕೊಂಡವರು ಆಮೇಲೆ ಹಳೆಯ ಬೈಕ್‌ಗಳ ಸಹವಾಸವೇ ಬೇಡ ಅಂತ ದೂರ ಹೋಗಿಬಿಡುತ್ತಾರೆ, ಅದು ನಿಜಕ್ಕೂ ನಷ್ಟ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹಳೆಯ ಬೈಕ್ ಬೇರೆ, ಹಳೆಯ ಕಸ್ಟಮ್ ಬೈಕ್ ಬೇರೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ ಸರ್ವಿಸ್ ಮ್ಯಾನುಯಲ್ ಇರುತ್ತದೆ, ಪಾರ್ಟ್ ನಂಬರ್ ಇರುತ್ತದೆ, ಅದನ್ನು ಬಿಚ್ಚಿ ಜೋಡಿಸಿ ಗೊತ್ತಿರುವವರು ಇರುತ್ತಾರೆ. ಕಸ್ಟಮ್ ಗಾಡಿಯಲ್ಲಿ ಆ ಮ್ಯಾನುಯಲ್ ಅರ್ಧ ಗಾಡಿಗೆ ಮಾತ್ರ ಸರಿಹೋಗುತ್ತದೆ. ಉಳಿದ ಅರ್ಧ ಅದನ್ನು ಕಟ್ಟಿದವರ ತಲೆಯಲ್ಲಿದೆ. ಮುಂದಿನ ಫೋರ್ಕ್ ಬೇರೆ ಗಾಡಿಯದು, ಕಾರ್ಬೊರೇಟರ್ ಇನ್ಯಾವುದರದೋ, ವೈರಿಂಗ್ ಅವರೇ ಎಳೆದದ್ದು. ಹಾಗಾಗಿ ಮಾಡೆಲ್ ಎಷ್ಟು ಹೆಸರುವಾಸಿ ಅನ್ನುವುದಕ್ಕಿಂತ ಕಟ್ಟಿದವರ ಕೈ ಎಷ್ಟು ಶುದ್ಧ ಅನ್ನುವುದೇ ಇಲ್ಲಿ ಮುಖ್ಯ. ಮುಂದೆ ಹೇಳುವುದೆಲ್ಲ ಅದನ್ನು ಕಂಡುಹಿಡಿಯುವ ದಾರಿ.

ಮೊದಲು ನಿಮ್ಮ ಬೈಕ್ ನಿಲ್ಲಿಸಿ ನೋಡಿ

ಆ ಗಾಡಿ ನೋಡಲು ಹೋಗುವ ಮುಂಚೆ ನಿಮ್ಮ ಬೈಕಿನ ಕೀ ಎತ್ತಿಟ್ಟು ಎರಡು ವಾರ ಓಡಾಡಿ. ಸುಮ್ನೆ ಹೇಳುತ್ತಿಲ್ಲ, ನಿಜವಾಗಿ ಮಾಡಿ. ಹಳೆಯ ಗಾಡಿ ಕೆಟ್ಟು ಪಾರ್ಟ್ ಬರುವವರೆಗೆ ನಿಂತರೆ ನಿಮ್ಮ ದಿನ ಹೇಗಿರುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ. ಕೆಲಸಕ್ಕೆ ಹೇಗೆ ಹೋದಿರಿ, ರಾತ್ರಿ ತಡವಾದಾಗ ಏನು ಮಾಡಿದಿರಿ, ಮನೆಯವರಿಗೆ ಎಷ್ಟು ತೊಂದರೆಯಾಯಿತು, ಎಲ್ಲ ಒಂದು ಕಡೆ ಬರೆದಿಡಿ.

ಆ ಎರಡು ವಾರ ಹೇಗೋ ಕಳೆದುಹೋಯಿತು ಅಂದರೆ ಮುಂದಿನ ಹೆಜ್ಜೆ ಇಡಿ. ಮೂರನೇ ದಿನವೇ ಕೀ ಹುಡುಕಿದಿರಿ ಅಂದರೆ, ಮನೆಯಲ್ಲಿ ಬೇರೆ ವಾಹನವೂ ಇಲ್ಲ ಅಂದರೆ, ಈ ಅದಲು ಬದಲು ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ. ದಿನವೂ ಓಡಾಡಲು ಒಂದೇ ಗಾಡಿ ಇರುವವರು ಆ ಒಂದೇ ಗಾಡಿಯನ್ನು ಐವತ್ತು ವರ್ಷ ಹಳೆಯ, ಯಾರೋ ಕತ್ತರಿಸಿ ಜೋಡಿಸಿದ ಗಾಡಿಗೆ ಬದಲಾಯಿಸಬಾರದು, ಅದು ಎಷ್ಟೇ ಚೆನ್ನಾಗಿದ್ದರೂ. ಅಂಥವರು ಹಳೆಯ ಬೈಕ್ ತೆಗೆದುಕೊಳ್ಳಲೇಬಾರದು ಅಂತಲ್ಲ. ಇರುವುದನ್ನು ಇಟ್ಟುಕೊಂಡು, ದುಡ್ಡು ಕೂಡಿಸಿ, ಎರಡನೆಯದಾಗಿ ತೆಗೆದುಕೊಳ್ಳಲಿ.

ರಿಪೇರಿ ಯಾರು ಮಾಡುತ್ತಾರೆ?

ಗಾಡಿ ಹುಡುಕುವ ಮುಂಚೆ ಮೆಕ್ಯಾನಿಕ್ ಹುಡುಕಿ. ಫ್ಯುಯೆಲ್ ಇಂಜೆಕ್ಷನ್ ಗಾಡಿಗಳಲ್ಲೇ ಕೈ ಪಳಗಿದವರಿಗೆ ಪಾಯಿಂಟ್ ಗ್ಯಾಪ್ (ಪ್ಲಗ್‌ಗೆ ಕಿಡಿ ಕೊಡುವ ಹಳೆಯ ಸ್ವಿಚ್ಚಿನ ಸಂದು) ಹೊಂದಿಸುವುದು, ಎರಡು ಕಾರ್ಬೊರೇಟರ್‌ಗಳನ್ನು ಒಂದೇ ಸಮಕ್ಕೆ ತರುವುದು ಅಭ್ಯಾಸ ಇಲ್ಲದಿರಬಹುದು. ಕಾರ್ಬೊರೇಟರ್ ಕಾಲದ ಕೆಲಸ ಬಲ್ಲವರೊಬ್ಬರು ಹತ್ತಿರದಲ್ಲಿ ಇರಬೇಕು, ಇನ್ನೊಬ್ಬರು ಕಟ್ಟಿದ ಗಾಡಿಯನ್ನು ಮುಟ್ಟಲು ಅವರು ಒಪ್ಪಬೇಕು. ಇದನ್ನು ಕೇಳಿಯೇ ತಿಳಿದುಕೊಳ್ಳಿ. ಕೆಲವು ಒಳ್ಳೆಯ ಮೆಕ್ಯಾನಿಕ್‌ಗಳು ಕಸ್ಟಮ್ ಗಾಡಿ ಬೇಡವೇ ಬೇಡ ಅನ್ನುತ್ತಾರೆ, ಅವರ ಮಾತಿನಲ್ಲೂ ನ್ಯಾಯವಿದೆ.

ನೀವೇ ಮಾಡಿಕೊಳ್ಳುತ್ತೀರಿ ಅಂದರೆ ನೆರಳಿರುವ ಜಾಗ, ಟೂಲ್ಸ್, ಬಿಡುವು ಮೂರೂ ಬೇಕು. ಗಾಡಿ ಯಾವ ದೇಶದ್ದು ಅನ್ನುವುದು ಟೂಲ್ಸ್‌ಗೂ ಮುಖ್ಯ. ಜಪಾನಿನ ಗಾಡಿಗಳಿಗೆ ಮಿಲಿಮೀಟರ್ ಸ್ಪ್ಯಾನರ್ ಸಾಕು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ವಿಟ್‌ವರ್ತ್ ಅಳತೆಯ ನಟ್ಟು ಬೋಲ್ಟ್‌ಗಳಿರುತ್ತವೆ, ಅದಕ್ಕೆ ಬೇರೆಯದೇ ಸೆಟ್ ಬೇಕು. ಕೈಗೆ ಸಿಕ್ಕಿದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟ್ ತಲೆ ಸವೆದು ಹೋಗುತ್ತದೆ.

ಯಾವ ಗಾಡಿಯ ಮೇಲೆ ಕಟ್ಟಿದ್ದಾರೆ

ಹೊಂಡಾ ಸಿಬಿ750, ಯಮಾಹಾ ಎಕ್ಸ್‌ಎಸ್650, ಟ್ರಯಂಫ್ ಬಾನ್‌ವಿಲ್, ಬಿಎಂಡಬ್ಲ್ಯೂದ ಏರ್‌ಕೂಲ್ಡ್ ಬಾಕ್ಸರ್ ಗಾಡಿಗಳು (ಎಡಕ್ಕೊಂದು ಬಲಕ್ಕೊಂದು ಸಿಲಿಂಡರ್ ಚಾಚಿಕೊಂಡಿರುವವು). ಕಸ್ಟಮ್ ಮಾಡುವವರು ಇಂಥವನ್ನೇ ಜಾಸ್ತಿ ಆರಿಸುವುದಕ್ಕೆ ಕಾರಣ ಅಂದ ಮಾತ್ರವಲ್ಲ. ಇವು ತುಂಬಾ ಸಂಖ್ಯೆಯಲ್ಲಿ ಮಾರಾಟವಾದವು, ಹಾಗಾಗಿ ಪಿಸ್ಟನ್, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಇವತ್ತಿಗೂ ಹೊಸದಾಗಿ ತಯಾರಾಗುತ್ತವೆ. ಬಾನ್‌ವಿಲ್ 1959ರಲ್ಲಿ ಬಂತು. ಸಿಬಿ750 1969ರಲ್ಲಿ ಬಂದಾಗಲೇ ನಾಲ್ಕು ಸಿಲಿಂಡರ್, ಮುಂದೆ ಡಿಸ್ಕ್ ಬ್ರೇಕ್, ಸೆಲ್ಫ್ ಸ್ಟಾರ್ಟ್ ಇತ್ತು, ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಇವತ್ತು ಓಡಿಸಲೂ ಅದು ಉಳಿದ ಹಳೆಯವಕ್ಕಿಂತ ಸುಲಭ ಅನ್ನಿಸುವುದು ಅದಕ್ಕೇ.

ಹೆಸರೇ ಕೇಳದ ಮಾಡೆಲ್ ಆಗಿದ್ದರೆ ಒಂದು ಕೆಲಸ ಮಾಡಿ. ಹೆಡ್ ಗ್ಯಾಸ್ಕೆಟ್, ಕ್ಲಚ್ ಕೇಬಲ್, ಕರೆಂಟ್ ಹುಟ್ಟಿಸುವ ಸ್ಟೇಟರ್ ಕಾಯಿಲ್, ಕಾರ್ಬೊರೇಟರ್ ಡಯಾಫ್ರಮ್ ಅಥವಾ ಸ್ಲೈಡ್, ಈ ನಾಲ್ಕು ಎಲ್ಲಿ ಸಿಗುತ್ತವೆ ಅಂತ ಅದೇ ದಿನ ಹುಡುಕಿ. ಒಂದೂ ಸಿಗದಿದ್ದರೆ ಅಲ್ಲಿಗೇ ಬಿಡಿ.

ನೋಡಲು ಹೋಗುವ ಮುಂಚೆ ಪಟ್ಟಿ ಕೇಳಿ

ಫೋನಿನಲ್ಲೇ ಕೇಳಬೇಕಾದ್ದು ಇದು: ಮೂಲ ಗಾಡಿಯದಲ್ಲದ ಪಾರ್ಟ್‌ಗಳು ಯಾವುವು, ಅವು ಯಾವ ಗಾಡಿಯವು? ಫೋರ್ಕ್, ಚಕ್ರದ ಬೇರಿಂಗ್ ನಂಬರ್, ಬ್ರೇಕ್ ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತುವ ಭಾಗ), ಮಾಸ್ಟರ್ ಸಿಲಿಂಡರ್ (ಲಿವರ್ ಹಿಡಿದಾಗ ಬ್ರೇಕ್ ಆಯಿಲ್ ತಳ್ಳುವ ಭಾಗ), ಕಾರ್ಬೊರೇಟರ್ ಮತ್ತು ಅದರ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಭಾಗ) ಸೈಜ್, ರೆಗ್ಯುಲೇಟರ್ (ಚಾರ್ಜಿಂಗ್ ವೋಲ್ಟೇಜ್ ಹತೋಟಿಯಲ್ಲಿಡುವ ಭಾಗ), ಇಗ್ನಿಷನ್, ಸ್ಪ್ರಾಕೆಟ್ ಹಲ್ಲುಗಳ ಲೆಕ್ಕ. ಇದರ ಜೊತೆ ವೈರಿಂಗ್ ಚಿತ್ರ, ಕೈಯಲ್ಲಿ ಬರೆದದ್ದಾದರೂ ಸರಿ. ಕಟ್ಟುವಾಗ ತೆಗೆದ ಫೋಟೋಗಳು, ಅದರಲ್ಲೂ ಪೇಂಟ್ ಆಗುವ ಮುಂಚಿನ ಚಾಸಿಯ ಫೋಟೋಗಳು.

ಈ ಪಟ್ಟಿಗೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. ಎರಡು ವರ್ಷದ ನಂತರ ಬ್ರೇಕ್ ಪ್ಯಾಡ್ ಸವೆದಾಗ ಅಂಗಡಿಯಲ್ಲಿ ನಿಂತು ಯಾವ ಗಾಡಿಯ ಪ್ಯಾಡ್ ಅಂತ ಕೇಳಬೇಕು ಅನ್ನುವುದೇ ನಿಮಗೆ ಗೊತ್ತಿರುವುದಿಲ್ಲ. ಪಟ್ಟಿ ಇದ್ದರೆ ಅದು ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಬಿಚ್ಚಿ, ಅಳತೆ ತೆಗೆದು, ಹೋಲಿಸಿ ನೋಡಿ, ಕೊನೆಗೂ ಸರಿಹೊಂದದೆ ವಾಪಸ್ ಬಂದು, ವಾರಗಟ್ಟಲೆ ಗಾಡಿ ಸ್ಟ್ಯಾಂಡ್ ಮೇಲೇ ನಿಲ್ಲುತ್ತದೆ. ಚೆನ್ನಾಗಿ ಕಟ್ಟಿದವರು ಇದನ್ನೆಲ್ಲ ಬರೆದಿಟ್ಟಿರುತ್ತಾರೆ, ಕೇಳಿದರೆ ಖುಷಿಯಿಂದ ತೋರಿಸುತ್ತಾರೆ. ಮಾರುವವರು ಕಟ್ಟಿದವರಲ್ಲ ಅಂದರೆ, ಕಟ್ಟಿದವರ ನಂಬರ್ ಕೇಳಿ ಅವರ ಹತ್ತಿರವೇ ಮಾತನಾಡಿ. ಎರಡೂ ಇಲ್ಲ, ಕೈ ಬದಲಾಗುತ್ತಾ ಬಂದಿದೆ, ಯಾರು ಕಟ್ಟಿದರೋ ಗೊತ್ತಿಲ್ಲ ಅಂದರೆ ಆ ಗಾಡಿಯ ಬೆಲೆ ನನ್ನ ಲೆಕ್ಕದಲ್ಲಿ ಬಹಳ ಕೆಳಗೆ ಇಳಿಯಬೇಕು.

ಎದುರಿಗೆ ನಿಂತಾಗ

ಹೋಗುವ ಮುಂಚೆ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿರಿ. ಹೋದ ತಕ್ಷಣ ಇಂಜಿನ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ, ತಣ್ಣಗಾಗುವವರೆಗೆ ಕಾಯಿರಿ. ಹಳೆಯ ಗಾಡಿಯ ಕಾಯಿಲೆಗಳು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಹೊರಗೆ ಬರುತ್ತವೆ.

ಕಾಯುವ ಹೊತ್ತಿನಲ್ಲಿ ಚಾಸಿ ನೋಡಿ. ಪೇಂಟ್, ಸೀಟಿನ ಹೊಲಿಗೆ, ಟ್ಯಾಂಕಿನ ಗೆರೆ ಇವೆಲ್ಲ ಆಮೇಲೆ. ಕೆಫೆ ರೇಸರ್ ಮಾಡುವಾಗ ಸೀಟಿನ ಕೆಳಗಿನ ಹಿಂಭಾಗವನ್ನು ಕತ್ತರಿಸಿ ಚಿಕ್ಕದು ಮಾಡಿ ಒಂದು ಬಾಗಿದ ಪೈಪ್ ವೆಲ್ಡ್ ಮಾಡುತ್ತಾರೆ. ಆ ವೆಲ್ಡಿಂಗ್ ಒಂದೇ ಸಮ ಇದೆಯಾ, ಉಂಡೆ ಉಂಡೆಯಾಗಿದೆಯಾ, ಗ್ರೈಂಡರ್ ಹೊಡೆದು ಮೇಲೆ ಪುಟ್ಟಿ ಮೆತ್ತಿ ಮುಚ್ಚಿದ್ದಾರಾ ನೋಡಿ. ಹಿಂದಿನ ಶಾಕ್ ಅಬ್ಸಾರ್ಬರ್ ಕಟ್ಟುವ ಜಾಗವನ್ನು ಸರಿಸಿದ್ದರೆ ಇನ್ನೂ ಹುಷಾರಾಗಿರಿ. ಒಬ್ಬರನ್ನು ಸೀಟಿನ ಮೇಲೆ ಜೋರಾಗಿ ಕೂರಿಸಿ ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಎಷ್ಟು ಜಾಗ ಉಳಿಯುತ್ತದೆ ಗಮನಿಸಿ. ಅಂದಕ್ಕೆ ಅಂತ ಹಿಂಭಾಗ ತಗ್ಗಿಸಿದ ಗಾಡಿಗಳಲ್ಲಿ ಗುಂಡಿಗೆ ಇಳಿದಾಗ ಟೈರ್ ಸೀಟಿನ ತಳಕ್ಕೋ ಅಲ್ಲಿನ ವೈರಿಗೋ ಉಜ್ಜುತ್ತದೆ, ವೈರ್ ಕತ್ತರಿಸಿ ಹೋಗುವುದು ಹೀಗೇ.

ಚಾಪರ್ ಆಗಿದ್ದರೆ ಮುಂದಿನ ಫೋರ್ಕ್ ಉದ್ದ ಮಾಡಿರುತ್ತಾರೆ, ಕೋನ ಬದಲಾಯಿಸಿರುತ್ತಾರೆ. ನೇರ ರಸ್ತೆಯಲ್ಲಿ ಅದು ಗಟ್ಟಿಯಾಗಿ ಹೋಗುತ್ತದೆ, ನಿಧಾನಕ್ಕೆ ತಿರುಗಿಸುವಾಗ ಮಾತ್ರ ಹ್ಯಾಂಡಲ್ ಒಂದು ಕಡೆಗೆ ತಾನಾಗಿಯೇ ಬೀಳುತ್ತದೆ. ಟ್ರಾಫಿಕ್‌ನಲ್ಲಿ ಓಡಿಸುವವರಿಗೆ ಇದು ದಿನದ ಗೋಳು. ಹಿಂದೆ ಶಾಕ್ ಅಬ್ಸಾರ್ಬರೇ ಇಲ್ಲದ ಗಾಡಿಗಳೂ ಇವೆ. ಕೆಟ್ಟ ರಸ್ತೆಯಲ್ಲಿ ಓಡಾಡುವವರು ಅದರ ಆಸೆ ಬಿಡುವುದೇ ಒಳ್ಳೆಯದು.

ಮುಂದಿನ ಚಕ್ರ ಮೇಲೆತ್ತಿಸಿ ಹ್ಯಾಂಡಲ್ ನಿಧಾನಕ್ಕೆ ಎಡಕ್ಕೆ ಬಲಕ್ಕೆ ತಿರುಗಿಸಿ. ನಡುವೆ ಎಲ್ಲಾದರೂ ಹಿಡಿದಂತಾದರೆ ಕೋನ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಹೋಗಿದೆ. ಇದು ಸಣ್ಣ ರಿಪೇರಿ, ಬೆಲೆ ಮಾತನಾಡುವಾಗ ನೆನಪಿಟ್ಟುಕೊಂಡರೆ ಸಾಕು.

ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಗುರುತು ಇರುತ್ತದೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 2315 ಅಂದರೆ 2015ರ 23ನೇ ವಾರ. ಟೈರಿನ ಬಟನ್, ಅಂದರೆ ಮೇಲಿನ ಉಬ್ಬುಗಳು, ಇನ್ನೂ ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ ಟೈರ್ ಬದಲಾಯಿಸಲೇಬೇಕು. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಮುಂಚಿನದು. ಶೋಕಿಗೆ ನಿಲ್ಲಿಸಿದ ಗಾಡಿಗಳಲ್ಲಿ ಹಳೆಯ ಟೈರ್ ಹೊಸದರ ಹಾಗೇ ಹೊಳೆಯುತ್ತಿರುತ್ತದೆ, ಮೋಸ ಹೋಗಬೇಡಿ.

ಇನ್ನು ವೈರಿಂಗ್. ಕಸ್ಟಮ್ ಗಾಡಿ ದಾರಿಯಲ್ಲಿ ನಿಂತರೆ ನಾನು ಮೊದಲು ಅನುಮಾನ ಪಡುವುದು ಇಂಜಿನ್ನನ್ನಲ್ಲ, ವೈರಿಂಗನ್ನು. ಸೀಟು ತೆಗೆಸಿ, ಹೆಡ್‌ಲೈಟ್ ಬಿಚ್ಚಿಸಿ ನೋಡಿ. ಎರಡು ವೈರ್ ಸುತ್ತಿ ಮೇಲೆ ಟೇಪ್ ಅಂಟಿಸಿದ್ದಾರಾ, ಸರಿಯಾದ ಕನೆಕ್ಟರ್ ಹಾಕಿದ್ದಾರಾ? ಫ್ಯೂಸ್ ಎಷ್ಟಿವೆ, ಎಲ್ಲಿವೆ? ಎಲ್ಲಾ ವೈರೂ ಒಂದೇ ಬಣ್ಣ ಆಗಿದ್ದರೆ ಮುಂದೆ ರಿಪೇರಿ ಮಾಡುವವರ ಪಾಡು ಹೇಳತೀರದು. ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಎಷ್ಟೋ ಸಲ ಬ್ಯಾಟರಿಯ ಪಾಸಿಟಿವ್ ಕಡೆಯೇ ಚಾಸಿಗೆ ಅರ್ಥ್ ಆಗಿರುತ್ತದೆ, ನೆಗೆಟಿವ್ ಅಂದುಕೊಂಡು ಹೊಸ ಎಲೆಕ್ಟ್ರಾನಿಕ್ ಇಗ್ನಿಷನ್ ಜೋಡಿಸಿದರೆ ಅದು ಸುಟ್ಟುಹೋಗಬಹುದು. ಒಂದು ಮಲ್ಟಿಮೀಟರ್ ಜೊತೆಗಿರಲಿ. 12 ವೋಲ್ಟ್ ಗಾಡಿಯಾದರೆ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಬ್ಯಾಟರಿಯ ಮೇಲೆ ಸುಮಾರು 13.5ರಿಂದ 14.5 ವೋಲ್ಟ್ ತೋರಿಸಬೇಕು. ಏರದೇ 12ರ ಹತ್ತಿರವೇ ಇದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಸೀಟಿನ ಕೆಳಗೆ ಅಡಗಿಸಿಟ್ಟ ಸಣ್ಣ ಲಿಥಿಯಂ ಬ್ಯಾಟರಿಗೆ ಅದು ಅಪಾಯ.

ಸ್ಟಾರ್ಟ್ ಆಯಿತಾ? ಈಗ ಹೊಗೆ ನೋಡಿ. ಶುರುವಿನಲ್ಲಿ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ. ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಆಕ್ಸಿಲರೇಟರ್ ಕೊಟ್ಟಾಗ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಕಡೆ ಅನುಮಾನ, ಬಿಟ್ಟಾಗ ಬಂದರೆ ವಾಲ್ವ್ ಗೈಡ್ ಅಥವಾ ಸೀಲ್. ಕಪ್ಪು ಹೊಗೆ ಅಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಬೇರೆ ಟ್ಯಾಂಕಿನಲ್ಲಿ ಆಯಿಲ್ ಇರುವ ಬ್ರಿಟಿಷ್ ಗಾಡಿಗಳು ತುಂಬಾ ದಿನ ನಿಂತಿದ್ದರೆ ಆಯಿಲ್ ಜಿನುಗಿ ಇಂಜಿನ್ ತಳಕ್ಕೆ ಇಳಿದಿರುತ್ತದೆ, ಸ್ಟಾರ್ಟ್ ಮಾಡಿದಾಗ ಬರುವ ಹೊಗೆಗೆ ಅದೂ ಕಾರಣ ಇರಬಹುದು. ಮೆಕ್ಯಾನಿಕ್ ಜೊತೆಗಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಸಿಲಿಂಡರ್‌ಗಳ ನಡುವೆ ಶೇ. 10ರಿಂದ 15ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಇಂಜಿನ್ ಬಿಚ್ಚುವ ಖರ್ಚನ್ನು ಲೆಕ್ಕಕ್ಕೆ ಹಿಡಿಯಿರಿ.

ಏರ್ ಫಿಲ್ಟರ್ ಡಬ್ಬಿ ತೆಗೆದು ಸಣ್ಣ ಕೋನ್ ಫಿಲ್ಟರ್ ಹಾಕುವುದು ಕಸ್ಟಮ್ ಗಾಡಿಗಳಲ್ಲಿ ಮಾಮೂಲು. ನೋಡಲು ಚೆನ್ನ, ಆದರೆ ಗಾಳಿ ಜಾಸ್ತಿ ಹೋಗುವುದರಿಂದ ಜೆಟ್ ಬದಲಾಯಿಸಲೇಬೇಕು. ಬದಲಾಯಿಸದಿದ್ದರೆ ಇಂಜಿನ್ ಅತಿಯಾಗಿ ಬಿಸಿಯಾಗುತ್ತದೆ, ಪಿಸ್ಟನ್ ಹಾಳಾಗುವ ಮಟ್ಟಕ್ಕೂ ಹೋಗಬಹುದು. ಪ್ಲಗ್ ಬಿಚ್ಚಿ ನೋಡಿದರೆ ಸುಳಿವು ಸಿಗುತ್ತದೆ. ಕಂದು ಬಣ್ಣ ಒಳ್ಳೆಯದು, ಸುಣ್ಣದ ಹಾಗೆ ಬೆಳ್ಳಗಿದ್ದರೆ ಪೆಟ್ರೋಲ್ ಸಾಲುತ್ತಿಲ್ಲ. ಸೈಲೆನ್ಸರ್ ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತಿದ್ದರೆ ಅದರ ಕೆಳಗೆ ತುಕ್ಕು ಹಿಡಿದಿದೆಯಾ ಅಂತ ಒತ್ತಿ ನೋಡಿ, ಅದು ತೇವ ಹಿಡಿದಿಟ್ಟುಕೊಳ್ಳುತ್ತದೆ.

ಓಡಿಸಿ ನೋಡುವಾಗ

1970ರ ದಶಕದ ಮಧ್ಯದವರೆಗೂ ಬ್ರಿಟಿಷ್ ಬೈಕ್‌ಗಳಲ್ಲಿ ಸಾಮಾನ್ಯವಾಗಿ ಗೇರ್ ಬಲಗಾಲಿಗೆ, ಹಿಂದಿನ ಬ್ರೇಕ್ ಎಡಗಾಲಿಗೆ ಇರುತ್ತಿತ್ತು. ಗಾಬರಿಯಲ್ಲಿ ಬ್ರೇಕ್ ಅಂದುಕೊಂಡು ಗೇರ್ ತುಳಿದುಬಿಡಬಹುದು. ಖಾಲಿ ಜಾಗದಲ್ಲಿ ಅಭ್ಯಾಸ ಮಾಡಿ ಆಮೇಲೆ ರಸ್ತೆಗೆ ಹೋಗಿ.

ಬ್ರೇಕ್ ಬಗ್ಗೆ ತುಸು ಜಾಸ್ತಿಯೇ ಹೇಳಬೇಕು. ನೀವು ಇಷ್ಟು ದಿನ ಡಿಸ್ಕ್, ಬಹುಶಃ ಎಬಿಎಸ್ ಕೂಡ ಇರುವ ಗಾಡಿ ಓಡಿಸಿದ್ದೀರಿ. ಹಳೆಯ ಡ್ರಮ್ ಬ್ರೇಕ್ ಮೊದಲ ಸಲ ಚೆನ್ನಾಗಿ ಹಿಡಿದು, ಇಳಿಜಾರಿನಲ್ಲಿ ಮತ್ತೆ ಮತ್ತೆ ಹಿಡಿದಾಗ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಹಾಗಾಗಿ ಒಂದು ಸಲ ಹಿಡಿದು ಚೆನ್ನಾಗಿದೆ ಅನ್ನಬೇಡಿ, ಐದಾರು ಸಲ ಮೇಲಿಂದ ಮೇಲೆ ಹಿಡಿದು ನೋಡಿ. ಬೇರೆ ಗಾಡಿಯ ಕ್ಯಾಲಿಪರ್ ಹಾಕಿದ್ದರೆ ಲಿವರ್ ಹೇಗಿದೆ ಗಮನಿಸಿ. ಕಲ್ಲಿನ ಹಾಗೆ ಗಟ್ಟಿಯಿದ್ದು ಬ್ರೇಕ್ ಹಿಡಿಯದಿದ್ದರೆ, ಅಥವಾ ಹ್ಯಾಂಡಲ್‌ವರೆಗೂ ಬಂದುಬಿಟ್ಟರೆ, ಮಾಸ್ಟರ್ ಸಿಲಿಂಡರ್ ಮತ್ತು ಕ್ಯಾಲಿಪರ್ ಒಂದಕ್ಕೊಂದು ಹೊಂದುತ್ತಿಲ್ಲ ಅನ್ನುವ ಅನುಮಾನ ಬರಬೇಕು.

ಕನಿಷ್ಠ ಅರ್ಧ ಗಂಟೆ ಓಡಿಸಿ. ಬಿಸಿಯಾದ ಮೇಲೆ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ತಣ್ಣಗೆ ಒಂದೇ ಕಿಕ್‌ಗೆ ಏಳುವ ಗಾಡಿ ಬಿಸಿಯಲ್ಲಿ ಏಳದೇ ಸತಾಯಿಸುವುದುಂಟು. ಫೋರ್ಕಿಗೇ ತಗ್ಗಾಗಿ ಕಟ್ಟಿದ ಕ್ಲಿಪ್ ಆನ್ ಹ್ಯಾಂಡಲ್‌ಗೆ ಬಗ್ಗಿ ಕೂತಾಗ ಮಣಿಕಟ್ಟು, ಸೊಂಟ ಏನು ಹೇಳುತ್ತವೆ ಅನ್ನುವುದೂ ಈ ಅರ್ಧ ಗಂಟೆಯಲ್ಲೇ ತಿಳಿಯುತ್ತದೆ.

ಕಾಗದಪತ್ರ

ಚಾಸಿ ನಂಬರ್, ಇಂಜಿನ್ ನಂಬರ್ ಎರಡನ್ನೂ ಕಾಗದದ ಜೊತೆ ಅಕ್ಷರ ಅಕ್ಷರ ಹೋಲಿಸಿ. ಅಲ್ಲಿ ಗ್ರೈಂಡರ್ ಗುರುತು ಇದ್ದರೆ, ನಂಬರ್ ಮತ್ತೆ ಹೊಡೆದ ಹಾಗೆ ಕಂಡರೆ, ಮಾತು ಮುಗಿಸಿ ಹೊರಡಿ. ಇಂಜಿನ್ ಬದಲಾಯಿಸಿದ್ದರೆ ಅದು ನೋಂದಣಿಯಲ್ಲಿ ಬರೆದಿರಬೇಕು. ಚಾಸಿ ಕತ್ತರಿಸುವುದಕ್ಕೆ, ಸೈಲೆನ್ಸರ್ ಸದ್ದಿಗೆ, ಇಂಡಿಕೇಟರ್ ತೆಗೆಯುವುದಕ್ಕೆ ಒಂದೊಂದು ಕಡೆ ಒಂದೊಂದು ನಿಯಮ ಇದೆ. ನೀವಿರುವ ಕಡೆಯ ಸಾರಿಗೆ ಕಚೇರಿಯಲ್ಲಿ ಕೇಳುವವರೆಗೆ ಒಪ್ಪಿಕೊಳ್ಳಬೇಡಿ. ಇನ್ಶೂರೆನ್ಸ್‌ನವರಿಗೂ ಮಾರ್ಪಾಡುಗಳನ್ನೆಲ್ಲ ಮೊದಲೇ ಹೇಳಿ, ಒಪ್ಪಿದ್ದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮುಚ್ಚಿಟ್ಟರೆ ಅಪಘಾತವಾದಾಗ ಕ್ಲೇಮ್ ತಳ್ಳಿಹಾಕಲು ಅವರಿಗೆ ಕಾರಣ ಸಿಕ್ಕಂತಾಗುತ್ತದೆ.

ಬೆಲೆಯ ಮಾತು

ಅದಲು ಬದಲು ಅಂದರೆ ಒಂದೇ ವ್ಯಾಪಾರದ ಹಾಗೆ ಕಾಣುತ್ತದೆ, ಒಳಗೆ ಎರಡು ವ್ಯಾಪಾರ ಇದೆ. ನಿಮ್ಮ ಬೈಕ್ ಮಾರುತ್ತಿದ್ದೀರಿ, ಅವರದು ಕೊಳ್ಳುತ್ತಿದ್ದೀರಿ. ಎರಡರ ಬೆಲೆಯನ್ನೂ ಬೇರೆ ಬೇರೆಯಾಗಿ ಬರೆಯಿರಿ. ನಿಮ್ಮದು ನಾಳೆ ಮಾರಿದರೆ ಎಷ್ಟು ಬರುತ್ತದೆ ಅಂತ ಹೇಳುವುದು ಸುಲಭ, ಅಂಥವು ದಿನವೂ ಮಾರಾಟವಾಗುತ್ತವೆ. ಕಸ್ಟಮ್ ಗಾಡಿಯ ಬೆಲೆ ಹಾಗಲ್ಲ. ಕಟ್ಟಿದವರು ಸುರಿದ ದುಡ್ಡು, ಶ್ರಮ ಅಷ್ಟೂ ಮಾರುವಾಗ ವಾಪಸ್ ಬರುವುದು ಅಪರೂಪ. ಅವರ ರುಚಿಯೇ ಇರುವ ಇನ್ನೊಬ್ಬರು ಸಿಗಬೇಕಲ್ಲ! ನಾಳೆ ನೀವು ಮಾರಲು ಹೊರಟಾಗಲೂ ಇದೇ ಪರಿಸ್ಥಿತಿ. ಆದ್ದರಿಂದ ಇಷ್ಟು ಖರ್ಚಾಗಿದೆ ಅನ್ನುವ ರಸೀದಿಗಳನ್ನು ಕೆಲಸದ ಗುಣಮಟ್ಟಕ್ಕೆ ಸಾಕ್ಷಿಯಾಗಿ ನೋಡಿ, ಬೆಲೆ ಅಂತ ಒಪ್ಪಿಕೊಳ್ಳಬೇಡಿ.

ಟೈರ್, ಕೋನ್‌ಸೆಟ್, ರೆಗ್ಯುಲೇಟರ್ ಅಂತ ನೀವು ಕಂಡುಕೊಂಡ ಖರ್ಚನ್ನೆಲ್ಲ ಅವರ ಬೆಲೆಯಿಂದ ಕಳೆಯಿರಿ. ಮೂಲ ಗಾಡಿಯ ತೆಗೆದ ಪಾರ್ಟ್‌ಗಳು, ಅಂದರೆ ಹಳೆಯ ಸೀಟು, ಏರ್ ಫಿಲ್ಟರ್ ಡಬ್ಬಿ, ಹ್ಯಾಂಡಲ್, ಮಡ್‌ಗಾರ್ಡ್ ಇವೆಲ್ಲ ಸಿಗುತ್ತವಾ ಕೇಳಿ. ಅವು ಜೊತೆಗೆ ಬಂದರೆ ಗಾಡಿಯ ಮೌಲ್ಯ ನಿಜಕ್ಕೂ ಜಾಸ್ತಿ. ಲೆಕ್ಕದಲ್ಲಿ ನಿಮ್ಮ ಬೈಕ್ ಮೇಲಿದ್ದರೆ ವ್ಯತ್ಯಾಸದ ದುಡ್ಡು ಕೇಳಲು ಸಂಕೋಚ ಬೇಡ. ಅವರು ಕೊಡುವುದಿಲ್ಲ ಅಂದರೆ ನಿಮ್ಮದನ್ನು ಬೇರೆಯವರಿಗೆ ಮಾರಿ ದುಡ್ಡು ಹಿಡಿದುಕೊಂಡು ಬನ್ನಿ. ಕೈಯಲ್ಲಿ ದುಡ್ಡು ಇರುವವರ ಮಾತಿಗೆ ತೂಕ ಜಾಸ್ತಿ, ಜೊತೆಗೆ ಇನ್ನೂ ನಾಲ್ಕು ಗಾಡಿ ನೋಡಿ ಆರಿಸುವ ಅವಕಾಶವೂ ಸಿಗುತ್ತದೆ.

ಬೇಕಾಗಿರುವುದು ಹಳೆಯ ಗಾಡಿಯ ಚಂದ ಮಾತ್ರವಾ ಅಂತ ಇಲ್ಲಿ ಒಮ್ಮೆ ಕೇಳಿಕೊಳ್ಳಿ. ಹೌದಾದರೆ, ಹಳೆಯ ರೂಪದಲ್ಲೇ ಹೊಸದಾಗಿ ತಯಾರಾಗುವ ಬೈಕ್‌ಗಳಿವೆ. ಈಗಿನ ಬಾನ್‌ವಿಲ್ ನೋಡಿದರೆ ಗೊತ್ತಾಗುತ್ತದೆ. ಅದನ್ನು ಕೀಳು ಅನ್ನುವವರ ಮಾತು ಕೇಳಬೇಡಿ. ಆದರೆ ಭಾನುವಾರ ಕೈಗೆ ಗ್ರೀಸ್ ಮೆತ್ತಿಕೊಂಡು ಕಾರ್ಬೊರೇಟರ್ ಬಿಚ್ಚುವುದೇ ನಿಮಗೆ ಖುಷಿ ಕೊಡುವುದಾದರೆ, ದಿನದ ಓಡಾಟಕ್ಕೆ ಬೇರೆ ದಾರಿ ಇದ್ದರೆ, ಪಟ್ಟಿ ಕೈಗೆ ಸಿಕ್ಕಿದ್ದರೆ, ಅರ್ಧ ಗಂಟೆ ಓಡಿಸಿದ ಮೇಲೂ ಮನಸ್ಸು ಹಾಗೇ ಇದ್ದರೆ, ಧೈರ್ಯವಾಗಿ ಬದಲಾಯಿಸಿ. ಅಂಥ ಗಾಡಿ ಕೊಡುವ ಸಂತೋಷವನ್ನು ಬಟನ್ ಸ್ಟಾರ್ಟ್ ಬೈಕ್ ಕೊಡುವುದಿಲ್ಲ ಅನ್ನುವುದು ನನ್ನ ನಂಬಿಕೆ.

ಮನೆಗೆ ತಂದ ಮೇಲೆ

ಮೊದಲ ವಾರವೇ ದೂರದ ಪ್ರಯಾಣ ಬೇಡ. ಇಂಜಿನ್ ಆಯಿಲ್, ಬ್ರೇಕ್ ಆಯಿಲ್, ಪೆಟ್ರೋಲ್ ಪೈಪ್, ಪ್ಲಗ್ ಎಲ್ಲ ಹೊಸದು ಹಾಕಿ. ಈಗಿನ ಪೆಟ್ರೋಲ್‌ನಲ್ಲಿ ಎಥನಾಲ್ ಇದ್ದರೆ ಹಳೆಯ ರಬ್ಬರ್ ಪೈಪ್, ಸೀಲ್ ಮೆತ್ತಗಾಗಿ ಬಿರುಕು ಬಿಡುತ್ತವೆ. ಫೈಬರ್ ಟ್ಯಾಂಕ್ ಆದರೆ ಒಳಗಿನ ಪದರವೇ ಕರಗಿ ಕಾರ್ಬೊರೇಟರ್ ಕಟ್ಟಿಕೊಳ್ಳಬಹುದು, ಅಂಥದ್ದಕ್ಕೆ ಎಥನಾಲ್ ಇಲ್ಲದ ಪೆಟ್ರೋಲ್ ಎಲ್ಲಿ ಸಿಗುತ್ತದೆ ಹುಡುಕಿಕೊಳ್ಳಿ. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಗಾಡಿಗೆ ಕಾರಿನ ಆಯಿಲ್ ಹಾಕಬೇಡಿ, ಡಬ್ಬಿಯ ಮೇಲೆ ಜಾಸೋ ಎಂಎ ಗುರುತು ನೋಡಿ, ಇಲ್ಲದಿದ್ದರೆ ಕ್ಲಚ್ ಜಾರಬಹುದು. ಹಳೆಯ ಟ್ವಿನ್ ಇಂಜಿನ್‌ಗಳ ನಡುಕಕ್ಕೆ ಬೋಲ್ಟ್‌ಗಳು ಸಡಿಲವಾಗುತ್ತವೆ, ಮೊದಲ ಕೆಲವು ಓಡಾಟದ ನಂತರ ಪ್ರತಿ ಸಲವೂ ಸ್ಪ್ಯಾನರ್ ಹಿಡಿದು ಒಂದು ಸುತ್ತು ಬನ್ನಿ. ಸೀಟಿನ ಕೆಳಗೆ ಫ್ಯೂಸ್, ಒಂದು ಪ್ಲಗ್, ಕ್ಲಚ್ ಕೇಬಲ್, ಸ್ವಲ್ಪ ವೈರ್ ಇಟ್ಟುಕೊಳ್ಳಿ. ಇನ್ನು ಆ ಪಟ್ಟಿಯಲ್ಲಿ ಇಲ್ಲದ ಪಾರ್ಟ್ ಏನಾದರೂ ಕಣ್ಣಿಗೆ ಬಿದ್ದರೆ, ನೀವೇ ಏನಾದರೂ ಬದಲಾಯಿಸಿದರೆ, ಅವತ್ತೇ ಅದರಲ್ಲಿ ಬರೆದಿಡಿ. ಮುಂದೆ ಈ ಗಾಡಿ ತೆಗೆದುಕೊಳ್ಳುವವರೂ ನಿಮ್ಮನ್ನು ಅದನ್ನೇ ಕೇಳುತ್ತಾರೆ.